ಕೆಳಗಿನ ಮನೆಗೆ ಕೇಳಿಸುವ ಎಡಗೈ

ಲೋ ಬಕೆಟ್,

ಫೋನ್ ಮಾಡೋದು ಬಿಟ್ಟು ಊರಿಗೆಲ್ಲ ಕಾಣೋ ಹಾಗೆ ಪತ್ರ ಯಾಕೆ ಅಂತ ಕೇಳುತ್ತೀಯ. ಫೋನಿನಲ್ಲಿ ನೀನು ನನಗೆ ಮಾತಾಡಲು ಬಿಡುವುದಿಲ್ಲ. ಇಲ್ಲಿ ನಾಲ್ಕು ಜನರ ಮುಂದೆ ಸುಮ್ನೆ ಕೂತು ಕೇಳಲೇಬೇಕು.

ಪಿಯಾನೋ ಕಲಿಯುತ್ತಿದ್ದೇನೆ ಅಂತ ನಿನಗೆ ಗೊತ್ತು. ಏನು ಕಲಿಯುತ್ತಿದ್ದೇನೆ ಅಂತ ಗೊತ್ತಿಲ್ಲ. ಸ್ಟ್ರೈಡ್, ಹಳೇ ಜಾಝ್ ಪಿಯಾನೋದ ಒಂದು ಶೈಲಿ. ಬ್ಲೂಸ್‌ನ ಹನ್ನೆರಡು ಬಾರ್, ಅಂದರೆ ನಾಲ್ಕು ನಾಲ್ಕು ಎಣಿಕೆಯ ಹನ್ನೆರಡು ಆವರ್ತ, ಅದರಲ್ಲಿ ಎಡಗೈ ಒಂದೇ ಇಡೀ ಬ್ಯಾಂಡಿನ ಕೆಲಸ ಮಾಡಬೇಕು. ಒಂದು, ಮೂರನೇ ಎಣಿಕೆಗೆ ಕೆಳಗಡೆ ದಪ್ಪ ಸ್ವರ. ಎರಡು, ನಾಲ್ಕಕ್ಕೆ ನಡುವಿಗೆ ಹಾರಿ ಕಾರ್ಡ್, ಅಂದರೆ ಕೆಲವು ಸ್ವರ ಒಟ್ಟಿಗೆ. ಧುಂ-ಚಕ್, ಧುಂ-ಚಕ್. ಹಾಸ್ಟೆಲಿನಲ್ಲಿ ನೀನು ಬಕೆಟ್ ಬೋರಲು ಹಾಕಿಕೊಂಡು ಬಾರಿಸುತ್ತಿದ್ದೆಯಲ್ಲ, ಥೇಟ್ ಅದೇ. ಕಣ್ಣು ಬಲಗೈ ಮೇಲೆ ಇರುತ್ತೆ, ಎಡಗೈ ಕರೆಂಟ್ ಹೋದಾಗ ಮೆಟ್ಟಿಲು ಇಳಿದ ಹಾಗೆ ಇಳಿಯಬೇಕು. ಕೆಳಗಿನ ಎಫ್‌ಗೆ, ಅಂದರೆ ನಿಮ್ಮಜ್ಜನ ಹಾರ್ಮೋನಿಯಂ ಪೆಟ್ಟಿಗೆಯ ಬಿಳಿ ನಾಲ್ಕಕ್ಕೆ, ಮಗಳ ನಕ್ಷತ್ರದ ಸ್ಟಿಕ್ಕರ್ ಅಂಟಿಸಿದ್ದೇನೆ. ಆದರೂ ಪಕ್ಕದ್ದಕ್ಕೇ ಬೀಳುತ್ತೇನೆ. ಕೆಲವು ಕಡೆ 'ಸಿ' ಸ್ವರದಿಂದ ಮೇಲಿನ ಸ್ಥಾಯಿಯ 'ಇ' ಸ್ವರದವರೆಗೆ ಒಟ್ಟಿಗೆ ಹಿಡಿಯಬೇಕು. ಸ್ಟ್ರೈಡ್ ದಿಗ್ಗಜ ಫ್ಯಾಟ್ಸ್ ವಾಲರ್ ಕೈಗೆ ಅದು ಲೆಕ್ಕಕ್ಕೇ ಇಲ್ಲ. ನನ್ನ ಹೆಬ್ಬೆರಳು ಡಿ ಹತ್ತಿರ ಬಂದು ಕೈ ಮುಗಿದುಬಿಡುತ್ತದೆ. ಹಾಗಾಗಿ ಮುರಿದು ನುಡಿಸುತ್ತೇನೆ. ಮೊದಲು ಕೆಳಗಿನದು, ಆಮೇಲೆ ಮೇಲಿನದು.

ತಮಾಷೆ ಏನು ಗೊತ್ತಾ? ಈ ಸ್ಟ್ರೈಡ್‌ಗೆ ಮೂಲಪುರುಷ ಅಂತ ಕರೆಸಿಕೊಳ್ಳುವ ಜೇಮ್ಸ್ ಪಿ. ಜಾನ್ಸನ್ 1894ರಲ್ಲಿ ಹುಟ್ಟಿದ್ದು ನ್ಯೂ ಬ್ರನ್ಸ್‌ವಿಕ್‌ನಲ್ಲಿ. ನ್ಯೂಜೆರ್ಸಿಯಲ್ಲಿ ನಾನಿರುವ ಎಡಿಸನ್ ಊರಿಗೆ ಕೂಗಳತೆ. ಆರು ವರ್ಷದಿಂದ ಕಾರಿನಲ್ಲಿ ಆ ಊರು ಹಾಯುತ್ತಿದ್ದೇನೆ, ಹಿಂದಿನ ಸೀಟಿನಲ್ಲಿ ಕೊತ್ತಂಬರಿ ಸೊಪ್ಪು, ನನಗೆ ಗೊತ್ತೇ ಇರಲಿಲ್ಲ. ಅವನ 'ಕೆರೊಲಿನಾ ಶೌಟ್' ಟ್ಯೂನಿನ ತೂತು ಕೊರೆದ ಕಾಗದದ ರೋಲನ್ನು ತಾನೇ ನುಡಿಯುವ ಪಿಯಾನೋಗೆ ಹಾಕಿ, ನಿಧಾನವಾಗಿ ಓಡಿಸಿ, ಇಳಿಯುವ ಕೀಗಳ ಮೇಲೆ ಬೆರಳಿಟ್ಟು, ಮುಂದೆ ಜಾಝ್ ದಿಗ್ಗಜನಾದ ಡ್ಯೂಕ್ ಎಲಿಂಗ್ಟನ್ ಕಲಿತನಂತೆ. ನಾನು ಯೂಟ್ಯೂಬ್ ಅನ್ನು ಅರ್ಧ ಸ್ಪೀಡಿಗೆ ಇಟ್ಟು ಕಲಿಯುತ್ತೇನೆ. ಅಷ್ಟೇ ವ್ಯತ್ಯಾಸ. ನಗಬೇಡ.

1920ರ ದಶಕದಲ್ಲಿ ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯಲ್ಲಿ ಬಾಡಿಗೆಗೆ ದುಡ್ಡು ಸಾಲದವರು ಮನೆಯಲ್ಲೇ ಪಾರ್ಟಿ ಇಡುತ್ತಿದ್ದರು. ಬಾಗಿಲಲ್ಲಿ ಚಿಲ್ಲರೆ ವಸೂಲಿ, ಮೂಲೆಯಲ್ಲಿ ಪಿಯಾನೋ. ಜಾನ್ಸನ್, ವಾಲರ್, ವಿಲ್ಲಿ 'ದಿ ಲಯನ್' ಸ್ಮಿತ್ ಇವರೆಲ್ಲ ಬೆಳೆದಿದ್ದು ಅಲ್ಲೇ, ಒಬ್ಬರನ್ನೊಬ್ಬರು ಮಣಿಸುತ್ತಾ. ಕಿಕ್ಕಿರಿದ ರೂಮಿಗಾಗಿ ಹುಟ್ಟಿದ ಸಂಗೀತ. ಅದನ್ನು ನಾನು ರಾತ್ರಿ ಹತ್ತಕ್ಕೆ ಡಿಜಿಟಲ್ ಪಿಯಾನೋಗೆ ಹೆಡ್‌ಫೋನ್ ಹಾಕಿಕೊಂಡು ನುಡಿಸುತ್ತೇನೆ. ಹೆಂಡತಿಗೂ ಕೇಳಿಸಿಲ್ಲ.

ಹೋದ ವಾರ ಕೆಳಗಿನ ಮನೆಯ ಅಜ್ಜಿ ಲಿಫ್ಟಿನಲ್ಲಿ ಹಿಡಿದುಕೊಂಡರು. "ರಾತ್ರಿ ಏನು ಕುಟ್ಟುತ್ತೀರಿ?" ಹೆಡ್‌ಫೋನ್ ಇದ್ದರೂ ಕೀ ತಳಕ್ಕೆ ಬಡಿಯುವ ಸದ್ದು ಸ್ಟ್ಯಾಂಡಿನ ಕಾಲಿಂದ ಇಳಿದು ಅವರ ಸೂರಿಗೆ ಹೋಗುತ್ತಂತೆ. ಸ್ವರ ಇಲ್ಲ, ಬರೀ ಧಪ್ ಧಪ್. ಸಾರಿ ಕೇಳಿದೆ. "ಪರವಾಗಿಲ್ಲ. ಶುರು ಚೆನ್ನಾಗಿರುತ್ತೆ. ಕೊನೆ ಹತ್ತಿರ ಬಂದಾಗ ಮಾತ್ರ ಓಡಿಬಿಡುತ್ತೀರಿ" ಅಂದರು.

ಅವತ್ತು ರೆಕಾರ್ಡ್ ಮಾಡಿ ಕೇಳಿದೆ. ನಿಜ. ಒಂಬತ್ತನೇ ಬಾರ್ ದಾಟಿದ್ದೇ ತಡ, ಯಾರೋ ಅಟ್ಟಿಸಿಕೊಂಡು ಬಂದ ಹಾಗೆ. ಮುಗಿದರೆ ಸಾಕು ಅನ್ನೋ ಓಟ.

ನಿನ್ನ ಗೃಹಪ್ರವೇಶಕ್ಕೆ ರಜೆ ಸಿಗಲಿಲ್ಲ ಅಂದಿದ್ದೆನಲ್ಲ, ರಜೆ ಸಿಕ್ಕಿತ್ತು ಕಣೋ. ನೀನು ಬಾಡಿಗೆಗೆ ಕೀಬೋರ್ಡ್ ಹೇಳಿ, "ಪಂಡಿತರು ಅಮೆರಿಕದಿಂದ ಬಂದು ನುಡಿಸುತ್ತಾರೆ" ಅಂತ ಗ್ರೂಪಿನಲ್ಲಿ ಹಾಕಿದೆ. ಅದನ್ನು ನೋಡಿ ನನ್ನ ಕೈ ತಣ್ಣಗಾಯಿತು. ಸುಳ್ಳು ಹೇಳಿದೆ. ಆ ದಿನ ಆಫೀಸಿಗೂ ಹೋಗದೆ, ನಿಮ್ಮಮ್ಮ ಹಾಲು ಉಕ್ಕಿಸುವ ವಿಡಿಯೋ ನಾಲ್ಕು ಸಲ ನೋಡಿದೆ. ಅದರ ಕೊನೆಗೆ ಅವರು ತಿರುಗಿ, "ಅವನು ಬರಲಿಲ್ವಾ?" ಅಂತ ಕೇಳುತ್ತಾರೆ.

ಇಷ್ಟು ಬರೆಯಬೇಕು ಅಂತ ಕೂತಿರಲಿಲ್ಲ. ಓದುತ್ತಿರುವ ಬಾಕಿಯವರೇ, ನಿಮಗೆ ಊಟದ ಹೊತ್ತಾಗಲಿಲ್ವಾ? ಬಕೆಟ್, ನೀನು ಬೇಕಾದರೆ ಬೈದುಕೋ. ಅಮ್ಮನಿಗೆ ಮಾತ್ರ ಹೇಳಬೇಡ.

ನಿನ್ನೆ ಸ್ಟ್ಯಾಂಡಿನ ಕೆಳಗೆ ಹಳೇ ಯೋಗಾ ಮ್ಯಾಟ್ ಹಾಸಿದೆ. ಒಂಬತ್ತನೇ ಬಾರ್‌ಗೆ ಬಂದಾಗ ಕೆಳಗಿಂದ ಪೊರಕೆ ಹಿಡಿಯಲ್ಲಿ ಟಕ್, ಟಕ್ ಅಂತ ಕೇಳಿಸಿತು. ಬೈದಿದ್ದೋ, ತಾಳ ಹಾಕಿದ್ದೋ ಗೊತ್ತಾಗಲಿಲ್ಲ.

ನಿನ್ನ,
ಪಂಡಿತ