ಜರ್ಮನ್ ಅಜ್ಜನ ಊರು ಪಿಂಚಣಿ ಕಡತದಲ್ಲಿ ಸಿಗುತ್ತದೆ

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ನೆಲೆಸಿದ ಕನ್ನಡ ಮನೆಗಳಿಗೂ ಅಲ್ಲಿನ ಜರ್ಮನ್ ಮೂಲದ ಮನೆಗಳಿಗೂ ನೆಂಟಸ್ತನ ಬೆಳೆಯುವುದು ಈಗ ಹೊಸದಲ್ಲ. ಮೊಮ್ಮಕ್ಕಳ ವಂಶಾವಳಿ ಬರೆಯಲು ಕೂತರೆ ಒಂದು ಕವಲು ಶಿವಮೊಗ್ಗಕ್ಕೋ ಕಲಬುರಗಿಗೋ ಹೋಗುತ್ತದೆ. ಇನ್ನೊಂದು, 1850ರ ದಶಕದಲ್ಲಿ ಹಡಗು ಹತ್ತಿ ಬಂದು ಅಲ್ಲಿನ ಉತ್ತರ-ದಕ್ಷಿಣ ರಾಜ್ಯಗಳ ಅಂತರ್ಯುದ್ಧದಲ್ಲಿ ಬಂದೂಕು ಹಿಡಿದ ಜರ್ಮನ್ ಅಜ್ಜನ ಹತ್ತಿರ ನಿಂತುಬಿಡುತ್ತದೆ. ನಮ್ಮಲ್ಲಿ ಹೆಳವರು ಬಾಗಿಲಿಗೇ ಬಂದು ತಲೆಮಾರುಗಳನ್ನು ಹೇಳುತ್ತಾರೆ. ಅಲ್ಲಿ ಆ ಕೆಲಸ ಕಾಗದಗಳದ್ದು.

ಹೆಚ್ಚಿನವರು ಎಡವುವುದು ನೇರವಾಗಿ ಜರ್ಮನಿಯಲ್ಲೇ ಹುಡುಕಲು ಹೊರಟು. 1871ಕ್ಕೆ ಮೊದಲು ಜರ್ಮನಿ ಒಂದು ದೇಶವಾಗಿರಲಿಲ್ಲ. ಅಜ್ಜನ ದಾಖಲೆಯಲ್ಲಿ ಪ್ರಷ್ಯ, ಬವೇರಿಯ, ಹೆಸ್ಸೆ ಎಂದಷ್ಟೇ ಇರುತ್ತದೆ. ದೇಶವಿಡೀ ಜನನ-ಮರಣ ನೋಂದಣಿ ಜಾರಿಗೆ ಬಂದದ್ದು 1876ರಲ್ಲಿ. ಅದಕ್ಕೆ ಹಿಂದಿನದು ಹೆಚ್ಚಾಗಿ ಆಯಾ ಊರಿನ ಚರ್ಚ್ ಪುಸ್ತಕಗಳಲ್ಲಿದೆ, ಆದ್ದರಿಂದ ಊರ ಹೆಸರಿಲ್ಲದೆ ಒಂದು ಪುಟವೂ ತೆರೆಯದು. ಅಜ್ಜ ಹ್ಯಾಂಬರ್ಗ್‌ನಿಂದ ಹೊರಟಿದ್ದರೆ ಪುಣ್ಯ: 1850ರಿಂದ 1934ರವರೆಗಿನ ಪ್ರಯಾಣಿಕರ ಪಟ್ಟಿಗಳು ಉಳಿದಿವೆ, ಊರೂ ನಮೂದಾಗಿರುತ್ತದೆ. ಬ್ರೆಮೆನ್‌ನ ಹಳೆಯ ಪಟ್ಟಿಗಳನ್ನು ಇಡಲು ಜಾಗವಿಲ್ಲವೆಂದು ಅಲ್ಲಿನ ಕಚೇರಿಯವರೇ ನಾಶ ಮಾಡಿದರು.

ಹಾಗಾಗಿ ಅಜ್ಜನ ಸಾವಿನಿಂದ ಹಿಂದಕ್ಕೆ ಬನ್ನಿ. 1900ರ ಜನಗಣತಿಯಲ್ಲಿ ಅವನು ಬಂದ ವರ್ಷ, ಪೌರತ್ವದ ಸ್ಥಿತಿ ಇವೆ. 1910ರದ್ದರಲ್ಲಿ 30ನೇ ಅಂಕಣ ನೋಡಿ: 'ಯುಎ' ಎಂದಿದ್ದರೆ ಉತ್ತರದ ಸೇನೆ, 'ಸಿಎ' ಎಂದರೆ ದಕ್ಷಿಣದ್ದು. 1890ರ ಜನಗಣತಿಯನ್ನು ಹುಡುಕುತ್ತ ಕೂರಬೇಡಿ, 1921ರ ಬೆಂಕಿಯ ನಂತರ ಅದರಲ್ಲಿ ಉಳಿದದ್ದು ಚೂರುಪಾರು. ಆದರೆ 1890ರಲ್ಲೇ ಮಾಜಿ ಸೈನಿಕರಿಗೆಂದು ಮಾಡಿದ ಪ್ರತ್ಯೇಕ ಪಟ್ಟಿ, ಅಕ್ಷರಾನುಕ್ರಮದಲ್ಲಿ ಕೆಂಟಕಿಯ ಒಂದು ಭಾಗದಿಂದ ವಯೋಮಿಂಗ್‌ವರೆಗಿನ ರಾಜ್ಯಗಳದ್ದು, ಉಳಿದಿದೆ. ರೆಜಿಮೆಂಟು ಮತ್ತು ಕಂಪನಿ ಅಲ್ಲಿ ಸಿಗುತ್ತವೆ. ಇವೆರಡು ಗೊತ್ತಾಗದೆ ಮುಂದೆ ಹೋಗಬೇಡಿ. ಜಾನ್ ಮಿಲ್ಲರ್ ಎಂಬ ಹೆಸರಿನ ಸೈನಿಕರು ಲೆಕ್ಕವಿಲ್ಲದಷ್ಟಿದ್ದಾರೆ.

ಮುಂದೆ ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರ. ಸೇವಾ ದಾಖಲೆಗೆ ನಮೂನೆ 86, ಪಿಂಚಣಿ ಕಡತಕ್ಕೆ ನಮೂನೆ 85. ಹಲವರು 86ನ್ನು ಮಾತ್ರ ತರಿಸಿ, ಹಾಜರಿ ಚೀಟಿಗಳನ್ನು ಕಂಡು ನಿರಾಶರಾಗುತ್ತಾರೆ. ತಿರುಳಿರುವುದು ಪಿಂಚಣಿ ಕಡತದಲ್ಲಿ. ವಿಧವೆ ಅರ್ಜಿ ಹಾಕಿದ್ದರಂತೂ ಮದುವೆ ಆದದ್ದಕ್ಕೆ, ಮಕ್ಕಳು ಹುಟ್ಟಿದ್ದಕ್ಕೆ ಪುರಾವೆ ಒದಗಿಸಲೇಬೇಕಿತ್ತು. ನೆರೆಯವರ ಪ್ರಮಾಣಪತ್ರ, ಕೆಲವೊಮ್ಮೆ ಕುಟುಂಬದ ಬೈಬಲ್‌ನಿಂದ ಹರಿದ ಹಾಳೆಯೂ ಸಿಗುತ್ತದೆ. 1912ರ ಕಾನೂನಿನಡಿ ವಯಸ್ಸಿನ ಮೇಲೆ ಪಿಂಚಣಿ ನಿಗದಿಯಾಗುತ್ತಿದ್ದರಿಂದ ಮುದುಕರು ತಾವು ಹುಟ್ಟಿದ ದಿನ, ಸ್ಥಳ ಬರೆಯಬೇಕಾಯಿತು. ಊರ ಹೆಸರು ಮೊದಲ ಸಲ ಕಾಣುವುದು ಹೆಚ್ಚಾಗಿ ಇಲ್ಲೇ. ದಕ್ಷಿಣದ ಸೇನೆಯವನಾಗಿದ್ದರೆ ಈ ಕಡತ ಅಲ್ಲಿರುವುದಿಲ್ಲ, ಆಯಾ ರಾಜ್ಯದ ಪತ್ರಾಗಾರಕ್ಕೆ ಬರೆಯಿರಿ.

ಪೌರತ್ವದ ಮಾತು. 1906ಕ್ಕೆ ಮೊದಲು ಯಾವ ಕೋರ್ಟಿನಲ್ಲಾದರೂ ಅರ್ಜಿ ಹಾಕಬಹುದಿತ್ತು, ಹಾಗಾಗಿ ಕೌಂಟಿ (ಅಲ್ಲಿನ ಜಿಲ್ಲೆ) ಕೋರ್ಟುಗಳನ್ನು ಒಂದೊಂದಾಗಿ ನೋಡಬೇಕು. 1862ರ ಕಾನೂನು ಗೌರವಯುತವಾಗಿ ಬಿಡುಗಡೆಯಾದ ಸೈನಿಕನಿಗೆ ಪೌರನಾಗಲು ಬಯಸುತ್ತೇನೆಂಬ ಆರಂಭಿಕ ಘೋಷಣೆಯಿಂದ ವಿನಾಯಿತಿ ಕೊಟ್ಟಿತ್ತು. ಆ ಕಾಗದ ಸಿಗದಿದ್ದರೆ ಕಳೆದುಹೋಯಿತೆಂದು ಕೊರಗಬೇಡಿ, ಅದು ಹುಟ್ಟಿರಲೇ ಇಲ್ಲದಿರಬಹುದು.

ನ್ಯೂಯಾರ್ಕಿನ ವಲಸೆ ಕೇಂದ್ರವಾಗಿದ್ದ ಎಲ್ಲಿಸ್ ದ್ವೀಪದಲ್ಲಿ ಅಧಿಕಾರಿಗಳು ಹೆಸರು ಬದಲಿಸಿದರೆಂಬ ಮಾತನ್ನು ನಂಬಬೇಡಿ. ಆ ಕೇಂದ್ರ ತೆರೆದದ್ದೇ 1892ರಲ್ಲಿ, ಗುಮಾಸ್ತರು ಹಡಗಿನ ಪಟ್ಟಿ ನೋಡಿ ವಿಚಾರಿಸುತ್ತಿದ್ದರು. ಮುಲ್ಲರ್ ಮಿಲ್ಲರ್ ಆದದ್ದು, ಶ್ಮಿಟ್ ಸ್ಮಿತ್ ಆದದ್ದು ಹೆಚ್ಚಾಗಿ ಆಮೇಲೆ, ಅವರವರ ಇಷ್ಟದಿಂದ. ಅಣ್ಣತಮ್ಮಂದಿರೆಲ್ಲ 'ಯೊಹಾನ್' ಆಗಿದ್ದರೆ ಗಾಬರಿ ಬೇಡ, ಕರೆಯುತ್ತಿದ್ದುದು ಎರಡನೇ ಹೆಸರಿನಿಂದ. ಚರ್ಚ್ ಪುಸ್ತಕದ ಕುರೆಂಟ್ ಎಂಬ ಹಳೆಯ ಜರ್ಮನ್ ಕೈಬರಹದಲ್ಲಿ 'ಇ' ಮತ್ತು 'ಎನ್' ಅಕ್ಷರಗಳು ಒಂದೇ ಥರ ಕಾಣುತ್ತವೆ. ಎರಡೂ ಓದು ಬರೆದಿಟ್ಟುಕೊಳ್ಳಿ.

ಅಜ್ಜನ ಮಗ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಭೂಸೇನೆಯಲ್ಲಿದ್ದರೆ ದಾರಿ ಬೇರೆ. 1973ರ ಜುಲೈ 12ರಂದು ಸೇಂಟ್ ಲೂಯಿಸ್‌ನ ಸೇನಾ ಕಡತಗಳ ಕೇಂದ್ರದಲ್ಲಿ ಹೊತ್ತಿದ ಬೆಂಕಿ, 1912ರ ನವೆಂಬರ್‌ನಿಂದ 1960ರ ಜನವರಿವರೆಗೆ ಬಿಡುಗಡೆಯಾದ ಭೂಸೇನೆಯವರ ಕಡತಗಳಲ್ಲಿ ಸುಮಾರು ಶೇ. 80ರಷ್ಟನ್ನು ಸುಟ್ಟಿತು. 1917-18ರ ಸೇನಾ ನೋಂದಣಿ ಕಾರ್ಡುಗಳು ಉಳಿದಿವೆ, ಅವನ್ನು ಮೊದಲು ನೋಡಿ. ಬಿಡುಗಡೆ ಪತ್ರವನ್ನು ಊರಿನ ಕೌಂಟಿ ಕಚೇರಿಯಲ್ಲಿ ನೋಂದಾಯಿಸಿದವರೂ ಬಹಳ. ಅಲ್ಲಿಗೊಂದು ಪತ್ರ ಹಾಕಿ.

– ವಂಶಾವಳಿ ಆಸಕ್ತ ಓದುಗರು, ಮೈಸೂರು