ಕೆಲಸ ಎಲ್ಲಿಗೆ ನಿಂತಿತು?

ಕುಮಟಾ

ಪ್ರಿಯ ತಮ್ಮಾ,

ಮುಗಿಯದೆ ಉಳಿದ ಕಟ್ಟಡಗಳ ಮೇಲಿನ ನಿನ್ನ ಲೇಖನ ಓದಿದೆ. ಹತ್ತು ಕಟ್ಟಡ, ಹತ್ತು ಪ್ಯಾರಾ, ಪ್ರತಿಯೊಂದರ ಕೊನೆಗೂ ‘ಕಾಲನ ಲೀಲೆ’. ಕಾಲ ಯಾರ ಕೆಲಸವನ್ನೂ ನಿಲ್ಲಿಸುವುದಿಲ್ಲ ಮಾರಾಯ. ದುಡ್ಡು ಮುಗಿಯುತ್ತದೆ, ದೊರೆ ಸಾಯುತ್ತಾನೆ, ರೋಗ ಬರುತ್ತದೆ, ಕಟ್ಟಿದ್ದೇ ಕುಸಿಯುತ್ತದೆ. ಇವುಗಳಲ್ಲಿ ಯಾವುದು ಎಂದು ಬಿಡಿಸಿ ಬರೆ. ಇಟಲಿಯ ಸಿಯೆನಾದಲ್ಲಿ ಕ್ಯಾಥೆಡ್ರಲ್ ದೊಡ್ಡದು ಮಾಡುವ ಕೆಲಸ 1339ರಲ್ಲಿ ಶುರುವಾಯಿತು, 1348ರ ಪ್ಲೇಗ್ ಬಂದು ನಿಂತಿತು. ಅಲ್ಲಿಗೆ ಅಷ್ಟು ಸಾಕು. ಫ್ರಾನ್ಸಿನ ಬೋವೆ ಕ್ಯಾಥೆಡ್ರಲ್ಲಿಗೆ ಮಾತ್ರ ಹೆಚ್ಚು ಜಾಗ ಕೊಡು. 48 ಮೀಟರ್ ಎತ್ತರದ ಕಮಾನು ಚಾವಣಿಯ ಒಂದು ಭಾಗ 1284ರಲ್ಲಿ ಬಿತ್ತು. ಆಮೇಲೆ ಪಶ್ಚಿಮದ ಸಭಾಂಗಣ ಕಟ್ಟುವುದು ಬಿಟ್ಟು ನಡುವೆ 153 ಮೀಟರಿನ ಗೋಪುರ ಎಬ್ಬಿಸಿದರು. ಆ ಬದಿಗೆ ಆಸರೆಯೇ ಇಲ್ಲ. 1573ರಲ್ಲಿ ಅದೂ ಉರುಳಿತು. ಸಭಾಂಗಣ ಇವತ್ತಿಗೂ ಇಲ್ಲ.

ಹಾಳಾದದ್ದು ಬೇರೆ, ಮುಗಿಯದ್ದು ಬೇರೆ. ನಮ್ಮ ಮಿರ್ಜಾನ ಕೋಟೆ ಹಾಳುಬಿದ್ದದ್ದು, ನಿನ್ನ ಪಟ್ಟಿಗೆ ಸೇರದು. ವ್ಯತ್ಯಾಸ ಕಣ್ಣಿಗೆ ಹೇಗೆ ಬೀಳುತ್ತದೆ ಎಂದು ತಿಳಿಯಬೇಕಾದರೆ ದೂರ ಹೋಗಬೇಡ, ಊರಲ್ಲಿ ಅರ್ಧಕ್ಕೆ ಬಿಟ್ಟ ಒಂದು ಚಿರೇಕಲ್ಲಿನ ಮನೆಯ ಮುಂದೆ ನಿಲ್ಲು. ಮುಂದೆ ಕೋಣೆ ಸೇರಿಸುವ ಯೋಚನೆ ಇದ್ದರೆ ಗೋಡೆಯ ತುದಿಯಲ್ಲಿ ಒಂದು ಸಾಲು ಬಿಟ್ಟು ಒಂದು ಸಾಲಿನ ಕಲ್ಲು ಹೊರಚಾಚಿರುತ್ತದೆ, ಹೊಸ ಗೋಡೆ ಅದರೊಳಗೆ ಕಚ್ಚಿಕೊಳ್ಳಲಿ ಎಂದು. ಕುಸಿದ ಗೋಡೆಯಲ್ಲಿ ಆ ಕ್ರಮ ಇರುವುದಿಲ್ಲ, ಬುಡದಲ್ಲಿ ಬಿದ್ದ ಕಲ್ಲಿರುತ್ತದೆ. ಮೇಲಂತಸ್ತಿಗೆಂದು ಬಿಟ್ಟ ಕಬ್ಬಿಣದ ಸರಳನ್ನೂ ಗಮನಿಸು. ಉಪ್ಪುಗಾಳಿಗೆ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನೇ ಸೀಳುತ್ತದೆ. ಅಂಥ ಮನೆ ಎರಡೂ ಆಗಿರುತ್ತದೆ: ಮುಗಿದಿಲ್ಲ, ಹಾಳೂ ಆಗುತ್ತಿದೆ.

ದಿಲ್ಲಿಯ ಅಲೈ ಮಿನಾರನ್ನು ನೀನು ‘ಭಗ್ನ’ ಎಂದಿದ್ದೀಯ. ಅದು ಮುರಿದದ್ದಲ್ಲ. ಕುತುಬ್ ಮಿನಾರಿನ ಎರಡರಷ್ಟು ಎತ್ತರ ಮಾಡಹೊರಟ ಅಲಾವುದ್ದೀನ್ ಖಿಲ್ಜಿ 1316ರಲ್ಲಿ ಸತ್ತ, ಸುಮಾರು 25 ಮೀಟರಿಗೆ ಕೆಲಸ ನಿಂತಿತು. ಈಗ ಕಾಣುವುದು ಒಳಗಿನ ಒರಟು ಕಲ್ಲು. ನಯಗೆಲಸದ ಹೊದಿಕೆ ಬರಲೇ ಇಲ್ಲ.

ನಿನ್ನ ಹತ್ತರಲ್ಲಿ ಭೋಪಾಲದ ಹತ್ತಿರದ ಭೋಜಪುರ ಇಲ್ಲದ್ದು ನನಗೆ ಬೇಸರ. ಹನ್ನೊಂದನೆಯ ಶತಮಾನದ ಆ ಶಿವಾಲಯದಷ್ಟು ಬಾಯಿಬಿಟ್ಟು ಮಾತಾಡುವ ಕಟ್ಟಡ ಕಡಿಮೆ. ಸುತ್ತಲಿನ ಬಂಡೆಗಳ ಮೇಲೆ ಕಂಬ, ಮಂಟಪ, ಶಿಖರಗಳ ನಕ್ಷೆಯನ್ನು ಗೀರಿಟ್ಟಿದ್ದಾರೆ. ಹಿಂದುಗಡೆ ಮಣ್ಣು ಕಲ್ಲು ತುಂಬಿ ಮಾಡಿದ ಇಳಿಜಾರು ದಾರಿ ಹಾಗೇ ಇದೆ. ಭಾರದ ಕಲ್ಲನ್ನು ಎಳೆದು ಮೇಲೇರಿಸುತ್ತಿದ್ದದ್ದು ಅದರ ಮೇಲೆ. ಕೆಲಸ ಮುಗಿದಿದ್ದರೆ ಆ ದಾರಿ ತೆಗೆದು ಹಾಕುತ್ತಿದ್ದರು. ಅರ್ಧ ಕೆತ್ತಿದ ತುಂಡುಗಳು ಕಲ್ಲುಗಣಿಯಲ್ಲೇ ಬಿದ್ದಿವೆ. ಯಾಕೆ ನಿಂತಿತು ಎನ್ನುವುದಕ್ಕೆ ದಾಖಲೆ ಇಲ್ಲ. ಇಲ್ಲ ಎಂದೇ ಬರೆ, ಶಾಪ ಗೀಪ ತರಬೇಡ.

ದಂತಕಥೆಯ ವಿಷಯಕ್ಕೆ ಬಂದರೆ, ಬಿಜಾಪುರದ ಬಾರಾಕಮಾನಿನ ನೆರಳು ಗೋಲಗುಂಬಜದ ಮೇಲೆ ಬೀಳುತ್ತದೆಂದು ಕೆಲಸ ನಿಲ್ಲಿಸಿದರು ಅಂತ ಗೈಡುಗಳು ಹೇಳುತ್ತಾರೆ. ಎರಡರ ನಡುವೆ ಒಂದು ಕಿಲೋಮೀಟರಿಗೂ ಹೆಚ್ಚು ದೂರ. ಕಟ್ಟಿಸುತ್ತಿದ್ದ ಎರಡನೆಯ ಅಲಿ ಆದಿಲ್‌ಶಾಹ 1672ರಲ್ಲಿ ತೀರಿಕೊಂಡ, 1686ರಲ್ಲಿ ರಾಜ್ಯವೇ ಔರಂಗಜೇಬನ ಪಾಲಾಯಿತು. ಕಥೆಯನ್ನು ಕಥೆಯೆಂದು ಹೇಳಿ, ಪಕ್ಕದಲ್ಲೇ ಈ ಎರಡು ಇಸವಿ ಇಡು.

‘ಎಂದೂ ಮುಗಿಯದ’ ಎಂಬ ಪದ ಹೊಡೆದು ಹಾಕು. ಜರ್ಮನಿಯ ಕಲೋನ್ ಕ್ಯಾಥೆಡ್ರಲ್ 1248ರಲ್ಲಿ ಶುರುವಾಗಿ, ಹದಿನಾರನೆಯ ಶತಮಾನದಲ್ಲಿ ನಿಂತು, ಮೊಂಡು ಗೋಪುರದ ಮೇಲೆ ಮರದ ಕ್ರೇನ್ ಹೊತ್ತುಕೊಂಡೇ ಮುನ್ನೂರು ವರ್ಷಕ್ಕೂ ಮಿಕ್ಕಿ ಕಳೆಯಿತು. ಮುಂಭಾಗದ ಹಳೆಯ ನಕ್ಷೆಯ ಅರ್ಧ 1814ರಲ್ಲಿ ಸಿಕ್ಕಿತು, 1842ರಲ್ಲಿ ಮತ್ತೆ ಕೈಹಾಕಿ 1880ರಲ್ಲಿ ಮುಗಿಸಿದರು. ಸ್ಪೇನಿನ ಬಾರ್ಸಿಲೋನಾದ ಸಗ್ರಾದಾ ಫಮೀಲಿಯಾ ಚರ್ಚಿನ ಕೆಲಸ 1882ರಲ್ಲಿ ಶುರುವಾದದ್ದು, ಇನ್ನೂ ನಡೆಯುತ್ತಿದೆ. 2025ರ ಅಕ್ಟೋಬರಿನಲ್ಲಿ ಅದು ಜಗತ್ತಿನ ಅತಿ ಎತ್ತರದ ಚರ್ಚಾಯಿತು. ಅದರ ಸ್ಥಿತಿಯನ್ನು ಲೇಖನ ಕಳಿಸುವ ದಿನವೇ ಮತ್ತೊಮ್ಮೆ ನೋಡಿಕೋ.

ಉತ್ತರ ಕೊರಿಯಾದ ಪ್ಯಾಂಗ್ಯಾಂಗಿನ ರ್ಯುಗ್ಯಾಂಗ್ ಹೋಟೆಲಿನ ಸಾಲನ್ನೂ ತಿದ್ದು. 330 ಮೀಟರಿನ ಅಸ್ಥಿಪಂಜರ 1992ರ ಹೊತ್ತಿಗೇ ಪೂರ್ತಿ ಎತ್ತರಕ್ಕೆ ಎದ್ದಿತ್ತು, ಹೊರಗಿನ ಗಾಜು 2011ರಲ್ಲಿ ಪೂರ್ತಿಯಾಯಿತು, ಹೋಟೆಲ್ ಮಾತ್ರ ತೆರೆದಿಲ್ಲ. ಹತ್ತನ್ನು ಐದಕ್ಕೆ ಇಳಿಸಿ ಮತ್ತೆ ಕಳಿಸು. ಚಿತ್ರಗಳಿದ್ದರೆ ಗೋಡೆಯ ತುದಿ ಹತ್ತಿರದಿಂದ ಕಾಣುವಂಥದ್ದು ಇರಲಿ.