ಉದ್ದೇಶ: ಜರ್ಮನಿ

ಹೋದ ಸೋಮವಾರ ತಿದ್ದುಪಡಿಯಾದ ಮಾರ್ಕ್ಸ್ ಕಾರ್ಡ್ ಕೈಗೆ ಬಂತು. ಎಂ.ಎಸ್ಸಿ. ಮೂರನೇ ಸೆಮಿಸ್ಟರಿನ ನಾಲ್ಕು ಸಾಲುಗಳಲ್ಲಿ ಮೊದಲು ‘ಗೈರುಹಾಜರು’ ಎಂದಿತ್ತು, ಈಗ ಅಂಕಗಳಿವೆ. 2023ರ ಮಾರ್ಚಿನಲ್ಲಿ ಜರ್ಮನಿಯ ಟ್ಯೂಬಿಂಗನ್‌ನಿಂದ ಊರಿಗೆ ಬಂದವಳು ಈ ಒಂದು ಹಾಳೆಗಾಗಿ ಹದಿಮೂರು ತಿಂಗಳು ಕಾದೆ. ಅಷ್ಟು ದಿನ ಯಾರಿಗೂ ಸರಿಯಾಗಿ ಧನ್ಯವಾದ ಹೇಳಿರಲಿಲ್ಲ. ಕಾಗದ ಕೈಗೆ ಬರುವ ಮೊದಲೇ ಹೇಳಿದರೆ ಎಲ್ಲಿ ದೃಷ್ಟಿಯಾಗುತ್ತದೋ ಎಂಬ ಹೆದರಿಕೆ. ಬಯೋಕೆಮಿಸ್ಟ್ರಿ ಓದಿದವಳು ಹೀಗೆ ಹೇಳಬಾರದು, ಆದರೂ.

ನಾನು ಹೋಗಿದ್ದು ಯುರೋಪಿಯನ್ ಒಕ್ಕೂಟದ ಎರಾಸ್ಮಸ್ ಪ್ಲಸ್ ಎಂಬ ವಿದ್ಯಾರ್ಥಿ ವಿನಿಮಯ ಯೋಜನೆಯಲ್ಲಿ, ಒಂದು ಸೆಮಿಸ್ಟರ್ ಮಟ್ಟಿಗೆ. ಯುರೋಪಿನ ದೇಶಗಳ ನಡುವೆ 1987ರಿಂದ ಇದ್ದ ಈ ವಿನಿಮಯ 2015ರಿಂದ ನಮ್ಮಂಥ ದೂರದ ದೇಶಗಳಿಗೂ ತೆರೆದಿದೆ. ನಮ್ಮ ವಿಭಾಗಕ್ಕೆ ಸಿಕ್ಕಿದ್ದು ಎರಡು ಸೀಟು, ಒಂದು ನನಗೆ. ಜರ್ಮನಿಗೆ ಆಗ ನಿಗದಿಯಾಗಿದ್ದ ನೆರವು ತಿಂಗಳಿಗೆ 850 ಯೂರೋ. ಪ್ರಯಾಣಕ್ಕೆ ಬೇರೆ 820. ಈ ಪ್ರಯಾಣದ ಹಣವನ್ನು ಟಿಕೆಟ್ ನೋಡಿ ಕೊಡುವುದಿಲ್ಲ. ಎರಡು ಊರುಗಳ ನಡುವೆ ದಾರ ಎಳೆದ ಹಾಗೆ ನೇರ ದೂರ ಅಳೆಯುತ್ತಾರೆ, 4000ದಿಂದ 7999 ಕಿಲೋಮೀಟರ್ ಒಳಗಿದ್ದರೆ ಆಗ 820. ನೀವು ದೋಹಾ ಸುತ್ತಿ ಹೋಗಿ, ನಡೆದೇ ಹೋಗಿ, ಅಷ್ಟೇ. ಟ್ಯೂಬಿಂಗನ್ ಇರುವ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ ಹೊರದೇಶದ ವಿದ್ಯಾರ್ಥಿಗಳಿಂದ ಸೆಮಿಸ್ಟರಿಗೆ 1500 ಯೂರೋ ಶುಲ್ಕ ಪಡೆಯುತ್ತದೆ, ವಿನಿಮಯದಲ್ಲಿ ಬಂದವರಿಗೆ ಅದೂ ಮಾಫಿ.

ಊರಲ್ಲಿ ಇದನ್ನೆಲ್ಲ ಕೇಳಿದವರು ‘ಎಲ್ಲಾ ಫ್ರೀ’ ಎಂದೇ ತಿಳಿದರು. ಅಲ್ಲೇ ಇರುವುದು ತೊಡಕು. ಅಲ್ಲಿಗೆ ಹೋಗಿ, ಬ್ಯಾಂಕ್ ಖಾತೆ ತೆರೆದು, ಹಾಜರಿ ತೋರಿಸಿದ ಮೇಲೆ ನನಗೆ ಮೊದಲ ಕಂತು ಬರುವುದಿತ್ತು. ವಿಮಾನದ ಟಿಕೆಟ್, ವೀಸಾ ಶುಲ್ಕ, ವಿಮೆ, ಹಾಸ್ಟೆಲ್ ಕೋಣೆಯ ಠೇವಣಿ, ಮೊದಲ ತಿಂಗಳ ಊಟ ಇಷ್ಟಕ್ಕೂ ಕೈಯಿಂದ ಹಾಕಬೇಕು. ಮೊದಲೇ ರೊಕ್ಕ ಇದ್ದವರಿಗೆ ಮಾತ್ರ ಸಲೀಸಾಗಿ ಸಿಗುವ ನೆರವಿಗೆ ನೆರವು ಎನ್ನುವುದು ನನಗೆ ಈಗಲೂ ಪೂರ್ತಿ ಒಪ್ಪಿಗೆಯಿಲ್ಲ.

ಆ ವರ್ಷ ಅಪ್ಪನ ಮೆಣಸಿನಕಾಯಿ ಮಳೆಗೆ ಸಿಕ್ಕು ಬಣ್ಣ ಕಳೆದುಕೊಂಡಿತ್ತು. ಬಣ್ಣ ಹೋದ ಕಾಯಿ ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಏನು ಬೆಲೆಗೆ ಹೋಗುತ್ತದೆ ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಅವ್ವ ಹೋಗಿ ತನ್ನ ಸ್ತ್ರೀಶಕ್ತಿ ಸಂಘದಲ್ಲಿ ಕೇಳಿದಳು. ಹದಿನೇಳು ಮಂದಿ ವಾರ ವಾರ ಕಟ್ಟಿದ ಉಳಿತಾಯದ ರೊಕ್ಕ ಅದು. ಎಮ್ಮೆಗೆ ಕೊಡುತ್ತಾರೆ, ಬೀಜ ಗೊಬ್ಬರಕ್ಕೆ, ಹೊಲಿಗೆ ಯಂತ್ರಕ್ಕೆ, ಆಸ್ಪತ್ರೆಗೆ ಕೊಡುತ್ತಾರೆ. ಮರಳಿ ಬರುತ್ತಾಳೋ ಇಲ್ಲವೋ ಗೊತ್ತಿಲ್ಲದ ಹುಡುಗಿಗೆ ಅರವತ್ತು ಸಾವಿರ ಕೊಡುವುದೆಂದರೆ? ಸಭೆಯಲ್ಲಿ ಒಬ್ಬರು ಅದನ್ನು ಕೇಳಿಯೂ ಕೇಳಿದರಂತೆ. ಅಧ್ಯಕ್ಷೆಯಾಗಿದ್ದ ನಮ್ಮ ದೊಡ್ಡವ್ವ, ‘ಎಮ್ಮಿ ಸತ್ತರ ಸಾಲ ಮುಳುಗತೈತಿ ಅಂತ ಎಮ್ಮಿಗೆ ಕೊಡೂದು ಬಿಟ್ಟೀವೇನು?’ ಎಂದಳಂತೆ. ನನ್ನನ್ನು ಎಮ್ಮೆಗೆ ಹೋಲಿಸಿದ್ದಕ್ಕೆ ಅವ್ವನಿಗೆ ಸ್ವಲ್ಪ ಸಿಟ್ಟು ಬಂದಿತ್ತು, ಸಾಲ ಮಂಜೂರಾದ ಮೇಲೆ ಇಳಿಯಿತು. ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿ. ಪುಸ್ತಕದಲ್ಲಿ ‘ಉದ್ದೇಶ’ ಎಂಬ ಕಾಲಂನಲ್ಲಿ ಮೇಲೆ ‘ಎಮ್ಮೆ’, ಕೆಳಗೆ ‘ಬೋರ್‌ವೆಲ್ ಮೋಟರ್’, ನಡುವೆ ‘ಜರ್ಮನಿ’ ಎಂದು ಬರೆದಿದ್ದಾರೆ. ಆ ಹದಿನೇಳೂ ಮಂದಿಗೆ ನನ್ನ ಮೊದಲ ನಮಸ್ಕಾರ.

ಎರಡನೆಯದು ನಾನು ಮುಖ ನೋಡಿದ್ದಕ್ಕಿಂತ ಹೆಚ್ಚು ಇಮೇಲಿನಲ್ಲಿ ನೋಡಿದ ಒಬ್ಬ ಹೆಂಗಸಿಗೆ. ಟ್ಯೂಬಿಂಗನ್ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿಭಾಗದಲ್ಲಿದ್ದವರು. ವೀಸಾಕ್ಕೆ ಕಾಗದ ಹೊಂದಿಸುವಾಗ ಗೊತ್ತಾಯಿತು: ಜರ್ಮನಿಯಲ್ಲಿ ಓದುವವರು ಆಗ ತಿಂಗಳಿಗೆ 861 ಯೂರೋ ಇದೆಯೆಂದು ತೋರಿಸಬೇಕಿತ್ತು, ನನ್ನ ನೆರವು 850. ಹನ್ನೊಂದು ಯೂರೋ ಕಡಿಮೆ. ಯಾರ ತಪ್ಪೂ ಅಲ್ಲ. ಒಂದು ಅಂಕಿ ಬ್ರಸೆಲ್ಸ್‌ನದು, ಇನ್ನೊಂದು ಬರ್ಲಿನ್‌ನದು, ಎರಡೂ ಒಂದನ್ನೊಂದು ಕೇಳಿ ಹುಟ್ಟಿದವಲ್ಲ. ರಾತ್ರಿ ಹನ್ನೊಂದಕ್ಕೆ ಗಾಬರಿಯಲ್ಲಿ ಬರೆದ ನನ್ನ ಇಮೇಲಿಗೆ ಮರುದಿನ ಮಧ್ಯಾಹ್ನವೇ ಐದು ಸಾಲಿನ ಪತ್ರ ಬಂತು. ಪ್ರಯಾಣದ 820 ಸಹ ನೆರವಿನ ಭಾಗ, ಐದು ತಿಂಗಳಿಗೆ ಒಟ್ಟು 5070 ಯೂರೋ, ಅಂದರೆ ಬೇಕಾದ 4305ಕ್ಕಿಂತ ಹೆಚ್ಚು. ಸಹಿ, ಮೊಹರು. ಅಷ್ಟಕ್ಕೇ ವೀಸಾ ಆಯಿತು. ಕೂಡಿಸುವ ಗುಣಿಸುವ ಲೆಕ್ಕ ನನಗೂ ಬರುತ್ತಿತ್ತು. ಅದನ್ನು ತಲೆಬರಹವಿರುವ ಕಾಗದದಲ್ಲಿ ಬರೆದುಕೊಡುವವರು ಬೇಕಿತ್ತು.

ಟ್ಯೂಬಿಂಗನ್ ಬಗ್ಗೆ ಹೇಳಹೊರಟರೆ ಮುಗಿಯುವುದಿಲ್ಲ, ಕೊಂಚ ಹೇಳುತ್ತೇನೆ. 1477ರಲ್ಲಿ ಶುರುವಾದ ವಿಶ್ವವಿದ್ಯಾಲಯ, ನೆಕ್ಕರ್ ನದಿ, ಗುಡ್ಡದ ಮೇಲೆ ಕೋಟೆ. ಆ ಕೋಟೆಯ ಹಳೆಯ ಅಡುಗೆಮನೆಯಲ್ಲಿ ಒಂದು ಕಾಲಕ್ಕೆ ಪ್ರಯೋಗಾಲಯವಿತ್ತು. 1869ರಲ್ಲಿ ಫ್ರೀಡ್ರಿಕ್ ಮೀಷರ್ ಎಂಬ ತರುಣ ಆಸ್ಪತ್ರೆಯ ಬ್ಯಾಂಡೇಜ್ ಬಟ್ಟೆಗಳ ಕೀವು ತೊಳೆದು, ಅದರ ಕೋಶಗಳಿಂದ ನ್ಯೂಕ್ಲಿನ್ ಎಂಬ ವಸ್ತು ಬೇರ್ಪಡಿಸಿದ್ದು ಅಲ್ಲೇ. ಇವತ್ತು ನಾವು ಡಿಎನ್‌ಎ ಎನ್ನುವುದರ ಮೊದಲ ಸುಳಿವು. ಬಿ.ಎಸ್ಸಿ.ಯಲ್ಲಿ ಎರಡು ಅಂಕದ ಪ್ರಶ್ನೆಯಾಗಿ ಮೀಷರ್‌ನನ್ನು ಬಾಯಿಪಾಠ ಮಾಡಿದ್ದೆ. ಆ ಕಮಾನಿನ ಕೆಳಗೆ ನಿಂತಾಗ ಮನಸ್ಸಿಗೆ ಬಂದಿದ್ದು ವಿಜ್ಞಾನವಲ್ಲ, ಆ ಕೀವಿನ ವಾಸನೆ. ನಮ್ಮ ಲ್ಯಾಬಿನಲ್ಲಿ ಕೆಟ್ಟ ಗಾಳಿ ಹೊರಗೆಳೆಯುವ ಫ್ಯೂಮ್ ಹುಡ್ ಕೆಟ್ಟಿದೆ ಎಂದು ಎರಡು ವರ್ಷ ಗೊಣಗಿದ್ದೆನಲ್ಲ, ಆಮೇಲೆ ಅಷ್ಟು ಗೊಣಗಲಿಲ್ಲ.

ಕಿಟೆಲ್ ತೀರಿಕೊಂಡಿದ್ದೂ ಅದೇ ಊರಿನಲ್ಲಿ, 1903ರಲ್ಲಿ. ನಿಘಂಟಿನ ಕಿಟೆಲ್. ಅದನ್ನು ನಾನು ಹೇಳಿದಾಗ ನನ್ನ ಜರ್ಮನ್ ರೂಮ್‌ಮೇಟ್‌ಗೆ ಅವರು ಯಾರೆಂದೇ ಗೊತ್ತಿರಲಿಲ್ಲ. ಎಪ್ಪತ್ತು ಸಾವಿರ ಪದಗಳ ಕನ್ನಡ ನಿಘಂಟು ಬರೆದವರು ಎಂದೆ. ‘ನಿಮ್ಮಲ್ಲಿ ಅಷ್ಟು ಪದಗಳಿವೆಯೇ?’ ಎಂದಳು. ನಮ್ಮ ಅವ್ವನ ಜೊತೆ ಒಂದು ಸಲ ಜಗಳ ಆಡಿ ನೋಡು ಎಂದೆ.

ನನ್ನ ಹಾಸ್ಟೆಲ್ ಇದ್ದ ಬಡಾವಣೆಯ ಹೆಸರು ವಾಲ್ಡ್‌ಹೊಯ್ಜರ್ ಓಸ್ಟ್. ಅಲ್ಲಿನ ಹುಡುಗರು ಅದನ್ನು ಮೊದಲಕ್ಷರಗಳಲ್ಲಿ ‘ಡಬ್ಲ್ಯೂಎಚ್‌ಓ’ ಎಂದೇ ಕರೆಯುವುದು. ವಿಳಾಸ ಕೇಳಿದ ಸೋದರಮಾವ ಅದನ್ನು ಊರ ಕಟ್ಟೆಯ ಮೇಲೆ ಹೇಳಿ, ನಾನು ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ಕೊರೊನಾ ಔಷಧಿ ಕಂಡುಹಿಡಿಯುತ್ತಿದ್ದೇನೆ ಎಂಬ ಸುದ್ದಿ ಎರಡು ಹಳ್ಳಿ ದಾಟಿತ್ತು. ಮಾವನಿಗೂ ಧನ್ಯವಾದ. ಬಂದ ಮೇಲೆ ಆ ಸುದ್ದಿ ಇಳಿಸುವುದಕ್ಕೆ ಬಹಳ ಕಷ್ಟವಾಯಿತು.

ಅದು ರಷ್ಯಾದ ಗ್ಯಾಸ್ ನಿಂತುಹೋದ ಚಳಿಗಾಲ. ಸರ್ಕಾರಿ ಕಟ್ಟಡಗಳನ್ನು 19 ಡಿಗ್ರಿಗಿಂತ ಹೆಚ್ಚು ಬೆಚ್ಚಗೆ ಮಾಡುವ ಹಾಗಿರಲಿಲ್ಲ, ಗ್ರಂಥಾಲಯದಲ್ಲಿ ಎಲ್ಲರೂ ಕೋಟು ಹಾಕಿಕೊಂಡೇ ಓದುತ್ತಿದ್ದರು. ನಾನು ಮೆಡ್ಲೇರಿ ಕಂಬಳಿ ಹೊದ್ದು ಕೂತೆ. ‘ಜರ್ಮನಿಗೆ ಯಾರಾದ್ರೂ ಕಂಬಳಿ ಒಯ್ತಾರೇನವ್ವಾ’ ಎಂದು ಬೇಡ ಎಂದಿದ್ದೆ, ಅಪ್ಪ ನಾನು ನೋಡದಾಗ ಬ್ಯಾಗಿನ ತಳಕ್ಕೆ ತುರುಕಿದ್ದ. ಎರಡೂವರೆ ಕಿಲೋ ತೂಕ ತಿಂದ ಆ ಕಂಬಳಿಗಾಗಿ ವಿಮಾನ ನಿಲ್ದಾಣದಲ್ಲಿ ಎರಡು ಪುಸ್ತಕ ತೆಗೆದು ಹೊರಗಿಟ್ಟೆ. ಅಪ್ಪಾ, ನೀನೇ ಸರಿ.

ಅಕ್ಟೋಬರ್ ಪೂರ್ತಿ ಹಣ ಬರಲಿಲ್ಲ, ಖಾತೆ ತೆರೆಯುವುದಕ್ಕೆ ವಿಳಾಸ ನೋಂದಣಿ ಆಗಬೇಕು, ಅದಕ್ಕೆ ದಿನಾಂಕ ಸಿಗಬೇಕು. ಸಿಂಡೆಲ್‌ಫಿಂಗನ್‌ನಲ್ಲಿ ಕಾರಿನ ಕಾರ್ಖಾನೆಯಲ್ಲಿ ಕೆಲಸ ಮಾಡುವ ಹಾಸನದ ಅಣ್ಣ, ಅತ್ತಿಗೆ ಆ ತಿಂಗಳು ನನ್ನನ್ನು ಭಾನುವಾರ ಭಾನುವಾರ ಮನೆಗೆ ಕರೆದರು. ಹೊರಡುವಾಗ ಡಬ್ಬಿ ತುಂಬಿಸಿ ಕೊಡುತ್ತಿದ್ದರು. ಅಕ್ಕಿರೊಟ್ಟಿ, ಜೋಳದ ರೊಟ್ಟಿಯ ನಡುವಿನ ನಮ್ಮ ಯುದ್ಧ ಇನ್ನೂ ತೀರ್ಮಾನವಾಗಿಲ್ಲ. ಆದರೆ ಹಸಿದವಳು ಮಾತಾಡುವುದಿಲ್ಲ, ತಿನ್ನುತ್ತಾಳೆ. ನವೆಂಬರ್ ಎರಡನೇ ವಾರ ಮೊದಲ ಕಂತು ಬಂದಾಗ ಊರಿಗೆ ಕಳಿಸಿದ್ದು ಸಂಘದ ಅರ್ಧ ಸಾಲ. ಉಳಿದರ್ಧ ಫೆಬ್ರವರಿಯಲ್ಲಿ ತೀರಿತು.

ಇಷ್ಟಾದರೂ ಕಷ್ಟದ ಭಾಗ ಇನ್ನೂ ಬಂದಿಲ್ಲ. ಅದು ಊರಿಗೆ ಬಂದ ಮೇಲೆ.

ಹೋಗುವ ಮೊದಲೇ ‘ಲರ್ನಿಂಗ್ ಅಗ್ರಿಮೆಂಟ್’ ಎಂಬ ಪತ್ರಕ್ಕೆ ಮೂರು ಸಹಿ ಬೀಳುತ್ತದೆ: ನನ್ನದು, ನಮ್ಮ ವಿಶ್ವವಿದ್ಯಾಲಯದ್ದು, ಅಲ್ಲಿನವರದು. ಅಲ್ಲಿ ಪಾಸಾದ ವಿಷಯಗಳನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ ಎಂಬ ಮಾತು ಅದು. ಪರೀಕ್ಷಾ ವಿಭಾಗದಲ್ಲಿ ಅಂಥ ಪತ್ರವನ್ನು ಯಾರೂ ಕಂಡಿರಲಿಲ್ಲ. ‘ನಿಯಮದಲ್ಲಿ ಇಲ್ಲ’ ಎಂದರು. ಮೂರನೇ ಸೆಮಿಸ್ಟರಿಗೆ ಗೈರು, ಆದ್ದರಿಂದ ನಾಲ್ಕನೆಯದರ ಫಲಿತಾಂಶ ತಡೆ. ಹೇಗೋ ಅಂಕಪಟ್ಟಿ ತುಂಬಿಸಲು ಒಪ್ಪಿದರೆ ಕಂಪ್ಯೂಟರ್ ನನ್ನನ್ನು ಫೇಲ್ ಮಾಡಿತು. ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0 ಬರೀ ಪಾಸು, 5.0 ನಪಾಸು. ನನಗೆ ಬಂದಿದ್ದು 1.7. ಹತ್ತಕ್ಕೆ ಲೆಕ್ಕ ಹಾಕುವ ನಮ್ಮ ಸಾಫ್ಟ್‌ವೇರ್ ಪ್ರಕಾರ ಹತ್ತಕ್ಕೆ 1.7. ತರಗತಿಯ ದಡ್ಡಿ.

ಆ ದಿನಗಳಲ್ಲಿ ಸೋಫಿಯಾ ಕೊರಾಡಿಯ ಕಥೆ ಓದಿದೆ. ಇಟಲಿಯವರು. ಫುಲ್‌ಬ್ರೈಟ್ ನೆರವಿನಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋಗಿ ಕಾನೂನಿನಲ್ಲಿ ಸ್ನಾತಕೋತ್ತರ ಪದವಿ ಪಡೆದು 1958ರಲ್ಲಿ ರೋಮ್‌ಗೆ ಮರಳಿದರೆ, ಕಚೇರಿಯ ಕಿಟಕಿಯಲ್ಲಿ ಎಲ್ಲರ ಎದುರು ಬೈಗುಳ. ಆ ಪದವಿ ಇಲ್ಲಿ ಲೆಕ್ಕಕ್ಕಿಲ್ಲ ಎಂದರಂತೆ. ಆ ಅವಮಾನವನ್ನು ಅವರು ಬಿಡಲಿಲ್ಲ. ವರ್ಷಗಟ್ಟಲೆ ಟಿಪ್ಪಣಿ ಬರೆದು, ಕುಲಪತಿಗಳ, ಮಂತ್ರಿಗಳ ಬಾಗಿಲು ತಟ್ಟಿದರು. ಅದೇ ಮುಂದೆ ಎರಾಸ್ಮಸ್ ಆಯಿತು. ಮೊದಲ ವರ್ಷ ಹನ್ನೊಂದು ದೇಶಗಳ 3244 ವಿದ್ಯಾರ್ಥಿಗಳು ಹೋದರು. ಇಡೀ ಯೋಜನೆ ಹುಟ್ಟಿದ್ದೇ ಒಂದು ಕಿಟಕಿಯ ಮುಂದೆ ನಿಂತು. ನಾನೂ ಅಂಥದೇ ಕಿಟಕಿಯ ಮುಂದೆ ನಿಂತಿದ್ದೆ, ವ್ಯತ್ಯಾಸವೆಂದರೆ ನನ್ನ ಕಿಟಕಿಯ ಒಳಗೆ ಒಬ್ಬ ಬೇರೆ ಥರದ ಮನುಷ್ಯ ಕೂತಿದ್ದರು.

ಅವರು ಅಲ್ಲಿನ ಕೇಸ್ ವರ್ಕರ್, ನಿವೃತ್ತಿಗೆ ಹತ್ತಿರ. ಮೊದಲ ದಿನ ಅವರೂ ‘ನಿಯಮದಲ್ಲಿ ಇಲ್ಲವಾ’ ಎಂದವರೇ. ಎರಡನೇ ವಾರ ನನ್ನನ್ನು ಕರೆದು, ‘ಬ್ಯಾಡ ಅಂತನೂ ನಿಯಮದಾಗ ಇಲ್ಲ ನೋಡು’ ಎಂದರು. ಅಲ್ಲಿಂದ ಕಡತ ಹುಟ್ಟಿತು. ಜರ್ಮನ್ನರು ನಮ್ಮ ಅಂಕಗಳನ್ನು ತಮ್ಮ ಶ್ರೇಣಿಗೆ ಇಳಿಸುವುದಕ್ಕೆ ಬಳಸುವ ಬವೇರಿಯಾ ಸೂತ್ರ ಇದೆ. ಅದನ್ನು ಅವರಿಗೆ ತೋರಿಸಿದೆ. ಬಿ.ಕಾಂ. ಓದಿದ ಆ ಹಿರಿಯರು ಅದನ್ನು ತಿರುಗಿಸಿ, ಪೆನ್ಸಿಲಿನಲ್ಲಿ ಲೆಕ್ಕ ಹಾಕಿ, ಗರಿಷ್ಠ 10, ಪಾಸಿಗೆ 4 ಇಟ್ಟರೆ 1.7 ಅಂದರೆ 8.6 ಎಂದು ತೋರಿಸಿದರು. ಆ ಪುಟವನ್ನೇ ಟಿಪ್ಪಣಿಗೆ ಲಗತ್ತಿಸಿದರು. ಅಲ್ಲಿನ ಒಂದು ಕ್ರೆಡಿಟ್ ಎಂದರೆ ಓದು, ಲ್ಯಾಬು ಎಲ್ಲ ಸೇರಿ ಮೂವತ್ತು ತಾಸು, ನಮ್ಮದು ತರಗತಿಯ ತಾಸುಗಳ ಲೆಕ್ಕ. ಅದಕ್ಕೆ ಬೇರೆ ಕೋಷ್ಟಕ. ಅಧ್ಯಯನ ಮಂಡಳಿಗೆ ಹೋಯಿತು, ಅಲ್ಲಿಂದ ವಿದ್ಯಾವಿಷಯಕ ಪರಿಷತ್ತಿಗೆ. ಒಂದು ಸಭೆಗೆ ಕೋರಂ ಇರಲಿಲ್ಲ, ಇನ್ನೊಂದರ ಹೊತ್ತಿಗೆ ಚುನಾವಣಾ ನೀತಿಸಂಹಿತೆ. ಪ್ರತಿ ಸಲ ನಾನು ಹೋದಾಗ ಅವರು ಕಡತ ಯಾವ ಟೇಬಲ್ ಮೇಲಿದೆ ಎಂದು ಸರಿಯಾಗಿ ಹೇಳುತ್ತಿದ್ದರು. ಕಚೇರಿಗಳಲ್ಲಿ ಅಲೆದವರಿಗೆ ಗೊತ್ತು, ಅದೊಂದು ದೊಡ್ಡ ಉಪಕಾರ. ಒಂದು ಲೋಟ ಚಹಾ ಕೂಡ ನನ್ನಿಂದ ಕುಡಿಯಲಿಲ್ಲ. ‘ಪಾಸಾದ ಮ್ಯಾಲೆ ಪೇಢಾ ತಾ’ ಎಂದಿದ್ದರು. ಸೋಮವಾರ ತಗೊಂಡು ಹೋಗಿದ್ದೆ, ಧಾರವಾಡದ್ದೇ. ಈ ವರ್ಷ ಹೊರಟಿರುವ ಇಬ್ಬರು ಜೂನಿಯರ್‌ಗಳ ಅಗ್ರಿಮೆಂಟ್ ಆಗಲೇ ಅವರ ಟೇಬಲ್ ಮೇಲಿತ್ತು, ನನ್ನ ಕಡತದ ಸಂಖ್ಯೆಯನ್ನು ಮೇಲೆ ಉಲ್ಲೇಖವಾಗಿ ಬರೆದು. ಸರ್, ನಿಮ್ಮ ಹೆಸರು ಹಾಕಬಾರದೆಂದು ಹೇಳಿದ್ದಕ್ಕೆ ಹಾಕುತ್ತಿಲ್ಲ. ಓದಿದರೆ ಗೊತ್ತಾಗುತ್ತದೆ.

ಅಲ್ಲಿಂದ ನೇರ ಊರಿಗೆ ಬಂದೆ. ಬುಧವಾರ ಸಂಘದ ಸಭೆಯಿತ್ತು. ದೊಡ್ಡವ್ವ ಮಾರ್ಕ್ಸ್ ಕಾರ್ಡಿನ ಒಂದು ಜೆರಾಕ್ಸ್ ಕೇಳಿದಳು. ಆಕೆಗೆ ಓದಲು ಬರುವುದಿಲ್ಲ. ಯಾಕೆ ಬೇಕು ಎಂದೆ. ಸಾಲದ ಪುಸ್ತಕ ತೆರೆದು, ಎಮ್ಮೆಗೂ ಮೋಟರಿಗೂ ನಡುವಿನ ನನ್ನ ಸಾಲಿನ ಪಕ್ಕಕ್ಕೆ ಅದನ್ನು ಮಡಚಿ ಪಿನ್ ಹೊಡೆದಳು. ‘ಎಮ್ಮಿ ತಂದವರು ಎಮ್ಮಿ ತೋರಿಸ್ತಾರ, ನೀನು ಇದನ್ನ ತೋರಿಸಬೇಕು’ ಎಂದಳು.